ಜೇನಿನ ಪ್ರಬಂಧ ಸಾಲದು, ವಿಷದ ಪಾಠವೂ ಬೇಕು

ಜೇನುನೊಣದ ಕುರಿತು ಪ್ರಬಂಧ ಬರೆಯಲು ಹೇಳಿದರೆ ನಮ್ಮ ಮಕ್ಕಳು ಪುಟ ತುಂಬಿಸುತ್ತಾರೆ: ಅದು ಶ್ರಮಜೀವಿ, ಒಗ್ಗಟ್ಟಿಗೆ ಮಾದರಿ ಇತ್ಯಾದಿ. ಆದರೆ ಕೊಟ್ಟಿಗೆಯ ಮೂಲೆಯಲ್ಲಿರುವ ಕೀಟನಾಶಕದ ಬಾಟಲಿಯ ಮೇಲಿನ ಬಣ್ಣದ ತ್ರಿಕೋನದ ಅರ್ಥವೇನೆಂದು ಕೇಳಿದರೆ ಮೌನ. ಬೇರೆ ಊರಿನಲ್ಲಿ ಇದು ಅಜ್ಞಾನವೆನಿಸೀತು, ಕಾಸರಗೋಡಿನಲ್ಲಿ ಅಪರಾಧ. ಅಪರಾಧಿಗಳು ಮಕ್ಕಳಲ್ಲ, ಕಲಿಸದ ನಾವು.

1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರು ಹೂ ಬಿಡುವಾಗಲೇ ಟೀ ಸೊಳ್ಳೆಯ ಕಾಟ. ಜೇನು ಹೂವಿಗೆ ಬರುವುದೂ ಆಗಲೇ. ಜೇನು, ಮೀನು, ಕಪ್ಪೆಗಳು ಕಾಣೆಯಾಗುತ್ತಿವೆಯೆಂದು ಊರವರು ಹೇಳಿದರು. ಕರುಗಳ ಅಂಗವೈಕಲ್ಯದ ಕುರಿತು ಶ್ರೀ ಪಡ್ರೆಯವರು 1979ರಲ್ಲಿಯೇ ಬರೆದರು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಮಕ್ಕಳ ಕಾಯಿಲೆಗಳನ್ನು ಕಂಡು ಡಾ. ವೈ. ಎಸ್. ಮೋಹನ್ ಕುಮಾರ್ ಎಚ್ಚರಿಸಿದರು. ಸುಪ್ರೀಂ ಕೋರ್ಟು ದೇಶವ್ಯಾಪಿ ತಡೆಯಾಜ್ಞೆ ನೀಡಿದ್ದು 2011ರ ಮೇ 13ರಂದು. ಆ ಗ್ರಾಮದಲ್ಲಿ ‘ಸ್ವರ್ಗ’ ಎಂಬ ಹೆಸರಿನ ಊರೂ ಇದೆಯೆಂಬುದು ವಿಧಿಯ ಕ್ರೂರ ವ್ಯಂಗ್ಯ.

ಅಂದು ಹೆಲಿಕಾಪ್ಟರಿನ ಸದ್ದು ಕೇಳಿದರೆ ಮಕ್ಕಳು ಅಂಗಳಕ್ಕೆ ಓಡುತ್ತಿದ್ದರು. ತಡೆಯಬೇಕಾದ ನಾನೂ ಅವರ ಹಿಂದೆ ನಿಂತು ಆಕಾಶ ನೋಡಿದ್ದೇನೆ. ಬಿ.ಎಡ್. ಪದವಿಯಿತ್ತು, ತಿಳಿವಳಿಕೆ ಇರಲಿಲ್ಲ.

ಕಾನೂನು ಇರಲಿಲ್ಲವೇ? ಇತ್ತು. 1968ರ ಕೀಟನಾಶಕ ಕಾಯಿದೆ, 1971ರ ನಿಯಮಗಳು. ಅವುಗಳ ಪ್ರಕಾರ ಕೆಂಪು ತ್ರಿಕೋನವೆಂದರೆ ಅತ್ಯುಗ್ರ ವಿಷ. ನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ನಿರಪಾಯವೆಂದಲ್ಲ, ವಿಷದ ತೀವ್ರತೆ ಕಡಿಮೆಯೆಂದಷ್ಟೆ. ಆಯಾ ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿಯೂ ಸೂಚನೆ ಮುದ್ರಿತವಾಗಬೇಕೆಂದು ನಿಯಮ ಹೇಳುತ್ತದೆ. ಹಾಗಾದರೆ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಅಂಗಡಿಗಳಲ್ಲಿ ಕನ್ನಡದ ಸೂಚನೆಯನ್ನು ಕೇಳುವುದು ನಮ್ಮ ಹಕ್ಕಲ್ಲವೇ? ನಾಮಫಲಕದಲ್ಲಿ ಕನ್ನಡ ಬೇಕೆಂದು ಹೋರಾಡುವ ನಾವು, ಪ್ರಾಣ ಉಳಿಸುವ ಚೀಟಿಯಲ್ಲಿ ಕನ್ನಡವನ್ನೇಕೆ ಕೇಳುವುದಿಲ್ಲ?

‘ಎಳೆಯರಿಗೆ ಇದೆಲ್ಲ ಏಕೆ? ಕೃಷಿಕರ ಮೇಲೆ ಸಂಶಯ ಹುಟ್ಟೀತು’ ಎನ್ನುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವುದನ್ನು ನಮ್ಮ ಮಕ್ಕಳು ಮನೆಯಲ್ಲಿ ನೋಡಿಯೇ ಬೆಳೆಯುತ್ತಾರೆ. ಕೈಗೆ ಎಟಕುವುದು ಬುದ್ಧಿಗೆ ಎಟಕಬಾರದೇ? ಕೃಷಿಕನೇ ಮದ್ದಿನ ಮೊದಲ ಬಲಿಯಾಗಬಲ್ಲನು. ಅವನ ಮಗಳು ಚೀಟಿ ಓದಿ ಹೇಳಿದರೆ ಅವನಿಗೆ ಅದು ಅವಮಾನವಲ್ಲ, ರಕ್ಷೆ.

ಕಲಿಸಬೇಕಾದುದು ಬಹಳವಿಲ್ಲ. ತ್ರಿಕೋನ ಗುರುತಿಸುವುದು; ಹೂ ಅರಳಿದಾಗ ಸಿಂಪಡಿಸದಿರುವುದು, ಅನಿವಾರ್ಯವಾದರೆ ಜೇನು ಗೂಡು ಸೇರಿದ ಸಂಜೆಗೆ ಕಾಯುವುದು; ಖಾಲಿ ಡಬ್ಬಿಯನ್ನು ತೋಡಿಗೆ ಎಸೆಯದಿರುವುದು; ನಿಯಮ ಮುರಿದಾಗ ಕೃಷಿ ಅಧಿಕಾರಿಗೆ ಅರ್ಜಿ ಬರೆಯುವುದು. ಪತ್ರಲೇಖನ ಹೇಗೂ ಪಠ್ಯದಲ್ಲಿದೆ. ವಿಷಯ ಬದಲಾದರೆ ಸಾಕು.

ಶಾಲೆಯ ಹಿತ್ತಿಲಲ್ಲಿ ಒಂದು ತುಡುವೆ ಪೆಟ್ಟಿಗೆಯಿರಲಿ. ಈ ಸಮ್ಮೇಳನ ಹಲವು ನಿರ್ಣಯಗಳನ್ನು ಅಂಗೀಕರಿಸಲಿದೆ. ಕನ್ನಡ ಚೀಟಿಯ ಬೇಡಿಕೆಯೂ ಅವುಗಳಲ್ಲೊಂದಾಗಲಿ. ಓದುವ ಮಕ್ಕಳು ಬದುಕಿ ಬಾಳಿದರೆ ತಾನೆ ಕನ್ನಡ ಉಳಿಯುವುದು?