ಹಬ್ಬದ ಮಧ್ಯಾಹ್ನಕ್ಕೊಂದು ಕ್ವಿಜ್

ಹಬ್ಬದ ದಿನ ಮನೆ ತುಂಬ ಜನ. ಒಬ್ಬಟ್ಟಿನ ಊಟ ಮುಗಿದು, ಎಲೆ ಎತ್ತಿ, ಎಲೆಯಡಿಕೆ ತಟ್ಟೆ ಒಂದು ಸುತ್ತು ಬಂದ ಮೇಲೆ ಏನಾಗುತ್ತದೆ ಎಂಬುದು ನಿಮಗೂ ಗೊತ್ತು. ಹಿರಿಯರು ಚಾಪೆ ಹಾಸಿ ಅಡ್ಡಾಗುತ್ತಾರೆ. ಹೆಂಗಸರು ಅಡುಗೆಮನೆಯ ಪಾತ್ರೆಗಳ ನಡುವೆಯೇ ಉಳಿದುಬಿಡುತ್ತಾರೆ. ಹುಡುಗರು ಒಂದೊಂದು ಮೂಲೆ ಹಿಡಿದು ಮೊಬೈಲಿಗೆ ತಲೆ ತಗ್ಗಿಸುತ್ತಾರೆ. ವರ್ಷಕ್ಕೆ ಒಂದೆರಡು ಸಲ ಮುಖ ನೋಡುವ ಜನ, ಸೇರಿದ ದಿನವೂ ಬೇರೆ ಬೇರೆಯಾಗಿಯೇ ಕಳೆದು ಸಂಜೆ ಕಾಫಿ ಕುಡಿದು ಬಸ್ಸು ಹತ್ತುತ್ತಾರೆ. ಊಟಕ್ಕೂ ಕಾಫಿಗೂ ನಡುವಿನ ಆ ಎರಡು ತಾಸಿಗೆ ನನ್ನದೊಂದು ಸಲಹೆ ಇದೆ: ಮನೆಮಂದಿಯೆಲ್ಲ ಸೇರಿ ಕ್ವಿಜ್ ಆಡಿ.

ಕ್ವಿಜ್ ಎಂದೊಡನೆ ಅರ್ಧ ಜನ "ನಮಗೆಲ್ಲಿ ಜಿ.ಕೆ. ಬರುತ್ತೆ, ನೀವು ಆಡಿ" ಎಂದು ಹಿಂದೆ ಸರಿಯುತ್ತಾರೆ. ಅದು ಶಾಲೆ ಹಚ್ಚಿಟ್ಟ ಭಯ. ಎದ್ದು ನಿಂತು ಉತ್ತರ ಹೇಳು, ತಪ್ಪಿದರೆ ನಿಂತೇ ಇರು ಎಂಬ ಶಿಕ್ಷೆ ಅರವತ್ತು ದಾಟಿದವರ ಮೈಯಲ್ಲೂ ಇನ್ನೂ ಉಳಿದಿದೆ. ಮನೆಯ ಕ್ವಿಜ್ಜು ಪರೀಕ್ಷೆಯ ಹಾಗೆ ಕಂಡರೆ ಯಾರೂ ಕೂರುವುದಿಲ್ಲ. ಹಾಗೆ ಕಾಣದಂತೆ ನೋಡಿಕೊಳ್ಳುವ ಹೊಣೆ ಪೂರ್ತಿ ಪ್ರಶ್ನೆ ತಯಾರಿಸುವವರ ಮೇಲಿದೆ.

ಮನೆಯಲ್ಲಿ ಕೇಳಬಾರದ ಪ್ರಶ್ನೆ ಹೇಗಿರುತ್ತದೆ ಎಂದರೆ: ಕುವೆಂಪು ಅವರಿಗೆ ಬಂದ ಜ್ಞಾನಪೀಠ ಯಾವ ಸಾಲಿನದು? ಗೊತ್ತಿದ್ದವರು 1967 ಎಂದು ಥಟ್ಟನೆ ಹೇಳಿ ಮುಗಿಸುತ್ತಾರೆ. ಗೊತ್ತಿಲ್ಲದವರಿಗೆ ಸಂಜೆವರೆಗೆ ಕೂತರೂ ಹೊಳೆಯುವುದಿಲ್ಲ, ಏಕೆಂದರೆ ಇಸವಿಯನ್ನು ಯೋಚಿಸಿ ಕಂಡುಹಿಡಿಯಲು ಬರುವುದಿಲ್ಲ. ಮಾತಿಲ್ಲ, ಚರ್ಚೆಯಿಲ್ಲ, ಮುಂದಿನ ಪ್ರಶ್ನೆ. ಇಂಥ ಹತ್ತು ಪ್ರಶ್ನೆ ಸಾಲಾಗಿ ಕೇಳಿದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಒಬ್ಬ ಹುಡುಗ ಗೆಲ್ಲುತ್ತಾನೆ, ಉಳಿದವರಿಗೆ ನಿದ್ದೆ ಬರುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ. ಕಳೆದ ಯುಗಾದಿಗೆ ನೆಂಟರ ಮನೆಯಲ್ಲಿ ಕೇಳಿದ್ದು ಇದು: "1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತಯಾರಾಯಿತು. ಆ ಕರೆಂಟು ಮೊದಲು ಹೋದದ್ದು ಎಲ್ಲಿಗೆ?"

"ಮೈಸೂರಿಗೆ. ಅರಮನೆ ಇರೋದು ಅಲ್ಲೇ ತಾನೇ?" ಎಂದರು ಚಿಕ್ಕಪ್ಪ.

"ಇಲ್ಲ ಚಿಕ್ಕಪ್ಪ, ಬೆಂಗಳೂರು. ಬೀದಿ ದೀಪ ಮೊದಲು ಹಾಕಿದ್ದು ಅಲ್ಲೇ ಅಂತ ಓದಿದೀನಿ" ಎಂದಳು ಕಾಲೇಜಿಗೆ ಹೋಗುವ ಹುಡುಗಿ.

ಪ್ರಶ್ನೆ ಕೇಳಿದವರು ಒಂದು ಸುಳಿವು ಕೊಟ್ಟರು: ದೀಪಕ್ಕೆ ಅಂತ ಹೋದ ಕರೆಂಟಲ್ಲ, ಯಂತ್ರಕ್ಕೆ.

ಅಜ್ಜಿ ಅಲ್ಲಿಯವರೆಗೆ ಸುಮ್ಮನಿದ್ದರು. "ಆಗ ಇದ್ದದ್ದು ಬ್ರಿಟಿಷರ ಕಾಲ ಅಲ್ಲವೇನೋ? ಅವರಿಗೆ ಬೇಕಾಗಿದ್ದ ಕಡೆಗೇ ಮೊದಲು ಹೋಗಿರುತ್ತೆ. ನಮ್ಮ ಸೀಮೆಯಿಂದ ಅವರು ಹೊತ್ತುಕೊಂಡು ಹೋಗ್ತಿದ್ದದ್ದು ಏನು?"

ಆರನೇ ಕ್ಲಾಸಿನ ಮೊಮ್ಮಗ ಕೂತಲ್ಲಿಂದ ಹಾರಿದ. "ಚಿನ್ನ! ಅಜ್ಜಿ, ಕೆಜಿಎಫ್!"

ಸರಿಯುತ್ತರ ಕೋಲಾರದ ಚಿನ್ನದ ಗಣಿ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಇಲ್ಲಿ ಉತ್ತರ ಒಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ. ಅಜ್ಜಿಯ ತರ್ಕಕ್ಕೆ ಮೊಮ್ಮಗ ನೋಡಿದ ಸಿನಿಮಾ ಸೇರಿತು, ಉತ್ತರ ಹೊರಬಂತು. ಆಮೇಲೆ ಹತ್ತು ನಿಮಿಷ ಮನೆಯಲ್ಲಿ ನಡೆದದ್ದು ಗಣಿಯ ಮಾತೇ. ಅಷ್ಟು ದೂರ ತಂತಿ ಎಳೆದದ್ದು ಹೇಗೆ, ಗಣಿ ಮುಚ್ಚಿದ ಮೇಲೆ ಅಲ್ಲಿನ ಜನ ಏನಾದರು ಎಂದು ಮಾತು ಎಲ್ಲೆಲ್ಲಿಗೋ ಹೋಯಿತು. ಮನೆಯ ಕ್ವಿಜ್ಜಿನಲ್ಲಿ ನನಗೆ ಬೇಕಾದದ್ದು ಆ ಹತ್ತು ನಿಮಿಷ. ಅಂಕಗಳ ಲೆಕ್ಕ ಆಮೇಲಿನದು.

ಹಿರಿಯರನ್ನು ಎಳೆದು ತರುವ ಪ್ರಶ್ನೆಗಳಿಗೆ ಕನ್ನಡನಾಡಿನಲ್ಲಿ ಬರವಿಲ್ಲ. 1950ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ಮಗು ಯಾವ ರಾಜ್ಯದಲ್ಲಿ ಹುಟ್ಟಿದಂತಾಯಿತು? ಮಕ್ಕಳು ಕರ್ನಾಟಕ ಎನ್ನುತ್ತಾರೆ, ಸ್ವಲ್ಪ ಓದಿದವರು ಮೈಸೂರು ಎನ್ನುತ್ತಾರೆ. ಸರಿಯಾದದ್ದು ಮದ್ರಾಸು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಮನೆ ಬದಲಿಸದೆ, ಬೀದಿ ಬದಲಿಸದೆ ಆ ಮಗು ಮೂರು ರಾಜ್ಯದ ಹೆಸರು ಕಂಡಿತು. ಇದೇ ಪ್ರಶ್ನೆಯನ್ನು ಧಾರವಾಡಕ್ಕೆ ಕೇಳಿ, ಉತ್ತರ ಮುಂಬಯಿ. ಕಲಬುರಗಿಗೆ ಕೇಳಿ, ಹೈದರಾಬಾದು. ಮಡಿಕೇರಿಗೆ ಕೇಳಿ, ಕೊಡಗೇ ಒಂದು ರಾಜ್ಯ. ನಿಮ್ಮ ಮನೆಯ ಹಿರಿಯರು ಹುಟ್ಟಿದ ಊರು, ವರ್ಷ ಇಟ್ಟುಕೊಂಡು ಪ್ರಶ್ನೆ ಮಾಡಿದರೆ ಅವರಿಗೆ ಪುಸ್ತಕದ ಹಂಗೇ ಬೇಡ. ಏಕೀಕರಣ ಅವರು ಬದುಕಿದ ಸಂಗತಿ.

ದುಡ್ಡಿನದೂ ಹಾಗೆಯೇ. 1957ರ ಏಪ್ರಿಲ್ 1ಕ್ಕೆ ಮುಂಚೆ ಒಂದು ರೂಪಾಯಿಗೆ ಎಷ್ಟು ಪೈಸೆ? ನೂರು ಎನ್ನುತ್ತಾರೆ ಮಕ್ಕಳು. ಹದಿನಾರಾಣೆ, ಅರವತ್ನಾಲ್ಕು ಪೈಸೆ ಎಂದು ತಾತ ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಮಕ್ಕಳಿಗೆ ತಾತನ ಮೇಲೆ ಹೊಸ ಗೌರವ ಹುಟ್ಟುವುದನ್ನು ಅಲ್ಲೇ ನೋಡಬಹುದು.

ತಂಡ ಕಟ್ಟುವಾಗ ಗಂಡನ ಕಡೆ, ಹೆಂಡತಿ ಕಡೆ ಎಂದು ಒಡೆಯಬೇಡಿ. ಅದು ತಮಾಷೆಯಾಗಿ ಶುರುವಾಗಿ ಬೇರೆಲ್ಲೋ ಮುಗಿಯುತ್ತದೆ. ಪ್ರತಿ ತಂಡದಲ್ಲೂ ಒಬ್ಬ ಹಿರಿಯರು, ಒಂದು ಮಗು, ನಡುವಯಸ್ಸಿನವರು ಒಬ್ಬಿಬ್ಬರು ಇರಲಿ. ಉತ್ತರವನ್ನು ಕೂಗಿ ಹೇಳುವ ಪದ್ಧತಿಯೂ ಬೇಡ. ಕೂಗಾಟದಲ್ಲಿ ಗಂಟಲಿದ್ದವರು ಗೆಲ್ಲುತ್ತಾರೆ, ಮೆಲುದನಿಯ ಅತ್ತೆ ಕೊನೆಯವರೆಗೂ ಮಾತಾಡುವುದಿಲ್ಲ. ತಂಡಕ್ಕೊಂದು ಪೆನ್ನು, ಹಳೇ ಕ್ಯಾಲೆಂಡರಿನ ಹಾಳೆ ಕತ್ತರಿಸಿದ ಚೀಟಿಗಳು ಸಾಕು. ಒಂದೊಂದು ಪ್ರಶ್ನೆಗೂ ಎರಡು ನಿಮಿಷ, ಎಲ್ಲರೂ ಬರೆದು ಒಟ್ಟಿಗೆ ಎತ್ತಿ ತೋರಿಸಬೇಕು. ಆಗ ಎಲ್ಲ ಪ್ರಶ್ನೆಯೂ ಎಲ್ಲ ತಂಡಕ್ಕೂ ಸಿಗುತ್ತದೆ. ನ್ಯೂಜೆರ್ಸಿಯಲ್ಲಿರುವ ಮಗಳು ವಿಡಿಯೋ ಕಾಲಿನಲ್ಲಿ ಸೇರಿದರೂ ಅನ್ಯಾಯವಾಗುವುದಿಲ್ಲ. ದನಿ ತಡವಾಗಿ ಬಂದರೇನು, ಚೀಟಿ ಕ್ಯಾಮೆರಾಕ್ಕೆ ಕಾಣುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಪಾತ್ರೆ ತೊಳೆದು, ಅಡುಗೆಮನೆ ಒರೆಸಿ ಮುಗಿಯುವವರೆಗೆ ಮೊದಲ ಪ್ರಶ್ನೆ ಕೇಳಬೇಡಿ. ಆಡಬೇಕೆಂದಿರುವ ಗಂಡಸರು, ಹುಡುಗರು ಎದ್ದು ಕೈ ಹಾಕಲಿ, ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮನೆಯ ಹೆಂಗಸರನ್ನು ಸಿಂಕಿನ ಮುಂದೆ ನಿಲ್ಲಿಸಿ ಹಾಲಿನಲ್ಲಿ ಉಳಿದವರು ಆಡಿದರೆ ಅದು ಮನೆಮಂದಿಯ ಆಟವಾಗುವುದಿಲ್ಲ.

ಅಡುಗೆಮನೆಯಲ್ಲೇ ಒಂದು ಸೊಗಸಾದ ಸುತ್ತೂ ಇದೆ. ಸಾಂಬಾರ ಪದಾರ್ಥಗಳ ಡಬ್ಬಿಯಿಂದ ಏಳೆಂಟು ಸಾಮಾನು ತೆಗೆದು ಪುಟ್ಟ ಬಟ್ಟಲುಗಳಿಗೆ ಹಾಕಿ: ಮರಾಠಿ ಮೊಗ್ಗು, ಜಾಪತ್ರೆ, ಓಂಕಾಳು, ಶಾಜೀರಿಗೆ, ಕಲ್ಲುಹೂವು. ಆಡುವವರ ಕಣ್ಣಿಗೆ ಟವೆಲ್ ಕಟ್ಟಿ. ಅಂಗೈಯಲ್ಲಿ ಒಂದು ಚಿಟಿಕೆ ಇಟ್ಟು, ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ಹಿಡಿದು ಹೆಸರು ಹೇಳಬೇಕು. ಓಂಕಾಳನ್ನು ಎಲ್ಲರೂ ಹಿಡಿಯುತ್ತಾರೆ. ಮರಾಠಿ ಮೊಗ್ಗು ಬಂದಾಗ ಪಟ್ಟಣದಲ್ಲಿ ಬೆಳೆದ ಹುಡುಗರು ಲವಂಗ ಎನ್ನುತ್ತಾರೆ. ದೊಡ್ಡಮ್ಮ ಮಾತ್ರ ಬೆರಳಿಗೆ ತಾಗಿದ ಕೂಡಲೇ, ಮೂಸುವ ಮೊದಲೇ ಹೇಳುತ್ತಾರೆ. ಬಿಸಿಬೇಳೆಬಾತಿನ ಪುಡಿಗೆ ಎಷ್ಟು ಹಾಕಬೇಕೆಂಬ ಲೆಕ್ಕವೂ ಜೊತೆಗೆ ಬರುತ್ತದೆ. ಕಲ್ಲುಹೂವಿಗೆ ಬಂದಾಗ ವಿಜ್ಞಾನ ಓದಿದ ಹುಡುಗಿಯ ಸರದಿ. ಹೆಸರಿನಲ್ಲಿ ಹೂವಿದ್ದರೂ ಅದು ಹೂವಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ ಎಂದು ಅವಳು ಹೇಳಿದರೆ, ಇಷ್ಟು ವರ್ಷ ಅದನ್ನು ಹುರಿದು ಪುಡಿ ಮಾಡಿದ ದೊಡ್ಡಮ್ಮ ಬಟ್ಟಲನ್ನು ಮತ್ತೊಮ್ಮೆ ಎತ್ತಿ ನೋಡುತ್ತಾರೆ.

ದನಿಯ ಸುತ್ತು ಬೇಕಾದರೆ ಆಕಾಶವಾಣಿಯಿಂದ ಶುರು ಮಾಡಿ. ಬೆಳಗಿನ ಆ ರಾಗ ಕೇಳಿಸಿ, ಈ ಸಂಸ್ಥೆಯ ಹೆಸರು ಮೊದಲು ಹುಟ್ಟಿದ್ದು ಯಾವ ಊರಿನಲ್ಲಿ ಎಂದು ಕೇಳಿ. ದೆಹಲಿ ಎನ್ನುತ್ತಾರೆ, ಮುಂಬಯಿ ಎನ್ನುತ್ತಾರೆ. ಅದು ಮೈಸೂರು. 1935ರಲ್ಲಿ ಮಹಾರಾಜಾ ಕಾಲೇಜಿನ ಮನೋವಿಜ್ಞಾನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ನಡೆಸಿದ ಪುಟ್ಟ ಬಾನುಲಿ ಕೇಂದ್ರದ ಹೆಸರು ಆಕಾಶವಾಣಿ. ದೇಶದ ಬಾನುಲಿ ಆ ಹೆಸರನ್ನು ಆಮೇಲೆ ತನ್ನದು ಮಾಡಿಕೊಂಡಿತು.

ಇನ್ನು ಜಗಳದ ವಿಷಯ. ಉತ್ತರದ ಬಗ್ಗೆ ವಾದ ಏಳದ ಕ್ವಿಜ್ ಇಲ್ಲ. 1951ರಲ್ಲಿ ಐರ್ಲೆಂಡಿನ ಬೇಟೆಯೊಂದರಲ್ಲಿ, ಯುರೋಪಿನಲ್ಲಿ ಜನ ಬೇಟೆಯಾಡುವ ಹಕ್ಕಿಗಳಲ್ಲಿ ಅತಿ ವೇಗದ್ದು ಯಾವುದು ಎಂದು ಗಿನ್ನೆಸ್ ಬಿಯರ್ ಕಂಪನಿಯ ಮುಖ್ಯಸ್ಥ ಹ್ಯೂ ಬೀವರ್‌ಗೂ ಅವರ ಜೊತೆಗಾರರಿಗೂ ವಾದ ಹತ್ತಿತು. ತೀರ್ಮಾನ ಕೊಡುವ ಪುಸ್ತಕ ಯಾವುದೂ ಸಿಗಲಿಲ್ಲ. ಇಂಥ ವಾದ ಪ್ರತಿ ಪಬ್ಬಿನಲ್ಲೂ ನಡೆಯುತ್ತಿರಬೇಕಲ್ಲ ಎಂದು ಅವರಿಗೆ ಹೊಳೆಯಿತು, 1955ರಲ್ಲಿ ಗಿನ್ನೆಸ್ ದಾಖಲೆಗಳ ಪುಸ್ತಕ ಹೊರಬಂತು. ಮನೆಯ ವಾದಕ್ಕೆ ಪುಸ್ತಕ ಬರೆಯಬೇಕಿಲ್ಲ. ಪ್ರಶ್ನೆ ಮಾಡಿದವರ ತೀರ್ಪೇ ಕೊನೆ ಎಂದು ಆಟಕ್ಕೆ ಮೊದಲೇ ಎಲ್ಲರನ್ನೂ ಒಪ್ಪಿಸಿ. ಆದರೆ ಆ ಅಧಿಕಾರ ಪಡೆದವರಿಗೆ ಕರ್ತವ್ಯವೂ ಇದೆ: ಪ್ರತಿ ಉತ್ತರವನ್ನೂ ಒಂದು ನಂಬುವಂಥ ಪುಸ್ತಕದಲ್ಲಿ ನೋಡಿ ಖಚಿತ ಮಾಡಿಕೊಳ್ಳಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವಿದೆ, ಜಿಲ್ಲಾ ಗ್ಯಾಸೆಟಿಯರುಗಳಿವೆ. ವಾಟ್ಸಾಪಿನಲ್ಲಿ ಬಂದದ್ದನ್ನು ಹಾಗೇ ಎತ್ತಿ ಕೇಳುವುದು ಮಕ್ಕಳಿಗೆ ಮಾಡುವ ದ್ರೋಹ.

ನಮ್ಮ ರಾಷ್ಟ್ರೀಯ ಕ್ರೀಡೆ ಯಾವುದು ಎಂಬ ಪ್ರಶ್ನೆಯನ್ನೇ ನೋಡಿ. ಹಾಕಿ ಎಂದು ಎಷ್ಟು ಜಿ.ಕೆ. ಪುಸ್ತಕಗಳು ಅಚ್ಚು ಹಾಕಿವೆ! 2012ರಲ್ಲಿ ಶಾಲಾ ಬಾಲಕಿಯೊಬ್ಬಳು ಮಾಹಿತಿ ಹಕ್ಕಿನಡಿ ಕೇಳಿದಾಗ, ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲ ಎಂದು ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿತು. ರಾಷ್ಟ್ರಭಾಷೆಯ ಪ್ರಶ್ನೆಯೂ ಅಷ್ಟೆ. ಸಂವಿಧಾನ ಯಾವ ಭಾಷೆಗೂ ಆ ಪಟ್ಟ ಕೊಟ್ಟಿಲ್ಲ. 343ನೇ ವಿಧಿ ಹೇಳುವುದು ಕೇಂದ್ರ ಸರ್ಕಾರದ ಆಡಳಿತ ಭಾಷೆಯ ಬಗ್ಗೆ. ಎಂಟನೇ ಅನುಸೂಚಿಯಲ್ಲಿ ಕನ್ನಡವೂ ಸೇರಿ 22 ಭಾಷೆಗಳಿವೆ. ಇದನ್ನು ಪ್ರತಿ ಕನ್ನಡ ಮನೆಯ ಮಗುವೂ ತಿಳಿದಿರಬೇಕು. ಹಬ್ಬದ ದಿನ ನಗುನಗುತ್ತಾ ತಿಳಿದದ್ದನ್ನು ಅದು ಮರೆಯುವುದಿಲ್ಲ.

ಎರಡು ತಂಡ ಸಮ ಬಂದರೆ ಊಹೆಯ ಪ್ರಶ್ನೆ ಕೇಳಿ: ಜೋಗದ ಎತ್ತರ ಎಷ್ಟು ಅಡಿ? 830ಕ್ಕೆ ಹತ್ತಿರ ಬಂದವರು ಗೆದ್ದರು. ಮನೆಯವರ ಬದುಕಿನಿಂದಲೂ ನಾಲ್ಕಾರು ಪ್ರಶ್ನೆ ಇರಲಿ, ಅಜ್ಜ ಮೊದಲು ಕೊಂಡ ಸೈಕಲ್ ಯಾವುದು, ಸೋದರತ್ತೆಯ ಮದುವೆ ನಡೆದ ಛತ್ರ ಎಲ್ಲಿತ್ತು ಎನ್ನುವಂಥವು. ಸಂಬಳ, ಮಾರ್ಕ್ಸ್, ಮದುವೆ ಯಾವಾಗ ಎಂಬುದರ ಹತ್ತಿರ ಮಾತ್ರ ಸುಳಿಯಬೇಡಿ.

ಬಹುಮಾನಕ್ಕೆ ನಮಗೆ ಮೇಲ್ಪಂಕ್ತಿ ಇದೆ. ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿರುವ 'ಥಟ್ ಅಂತ ಹೇಳಿ' ಸರಿಯುತ್ತರಕ್ಕೆ ಕೊಡುವುದು ಪುಸ್ತಕ. ಕೋಟಿಯ ಆಸೆ ತೋರಿಸಿದ ಕಾರ್ಯಕ್ರಮಗಳು ಬಂದವು, ಹೋದವು. ಪುಸ್ತಕ ಕೊಟ್ಟ ಕಾರ್ಯಕ್ರಮವನ್ನು ಕನ್ನಡಿಗರು ರಾತ್ರಿ ಊಟದ ಹೊತ್ತಿಗೆ ಕಾದು ನೋಡಿದರು. ದೊಡ್ಡ ಮಟ್ಟದಲ್ಲಿ ಆಡುವ ಆಸೆ ಮಕ್ಕಳಿಗೆ ಹುಟ್ಟಿದರೆ ಬೆಂಗಳೂರಿನಲ್ಲಿ 1983ರಲ್ಲಿ ಶುರುವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಇದೆ. ಅಲ್ಲಿಗೆ ಕರೆದೊಯ್ಯಿರಿ.

ಮುಂದಿನ ಹಬ್ಬಕ್ಕೆ ಇಪ್ಪತ್ತು ಪ್ರಶ್ನೆ ಸಾಕು. ಬರೆಯಲು ಇವತ್ತೇ ಕೂರಿ. ಮೊದಲ ಐದಕ್ಕೆ ಮನೆಯ ಹಿರಿಯರಿಗೊಂದು ಫೋನ್ ಮಾಡಿ, ಅವರು ಹುಟ್ಟಿದಾಗ ಆ ಊರು ಯಾವ ರಾಜ್ಯದಲ್ಲಿತ್ತು ಎಂದು ಕೇಳಿ ಬರೆದುಕೊಳ್ಳಿ.