ಪದವೀಧರರಿಗೂ ಪುರಜನರಿಗೂ ಪಾಠ

ವಿಶ್ವವಿದ್ಯಾನಿಲಯದ ಬಾಗಿಲು ಒಬ್ಬ ಮನುಷ್ಯನಿಗೆ ತೆರೆದಿರುವುದು ಎಷ್ಟು ಕಾಲ? ನಮ್ಮ ನಾಡಿನಲ್ಲಿ ಹದಿನೆಂಟರಿಂದ ಇಪ್ಪತ್ತೊಂದರ ವಯಸ್ಸಿನವರೆಗೆ; ಹೆಚ್ಚೆಂದರೆ ಇನ್ನೆರಡು ವರ್ಷ. ಪದವಿಪತ್ರಕ್ಕೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದ ಮೇಲೆ ಅವನಿಗೂ ವಿದ್ಯಾಸಂಸ್ಥೆಗೂ ಉಳಿಯುವ ಸಂಬಂಧವೆಂದರೆ, ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ಆಹ್ವಾನ ಮತ್ತು ಅದರ ಬೆನ್ನಿಗೇ ಬರುವ ವಂತಿಗೆಯ ಕೋರಿಕೆ. ಕಾಲೇಜಿನ ಮೆಟ್ಟಿಲನ್ನೇ ತುಳಿಯದ ರೈತನಿಗೂ ವರ್ತಕನಿಗೂ ಗೃಹಿಣಿಗೂ ಅಷ್ಟೂ ಇಲ್ಲ. ಸಂಸ್ಥೆಯ ವೆಚ್ಚದಲ್ಲಿ ಅವರ ತೆರಿಗೆಯ ಹಣವೂ ಸೇರಿರುವುದಷ್ಟೆ.

ತುಮಕೂರು ವಿಶ್ವವಿದ್ಯಾನಿಲಯವು 2004ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ಜಿಲ್ಲೆಯ ಸ್ವಂತ ಸ್ವತ್ತಾಯಿತು. ಜಿಲ್ಲೆಯ ಮಹಾಜನರು ಅದರಿಂದ ಅಪೇಕ್ಷಿಸತಕ್ಕದ್ದು ಪದವೀಧರರ ಸಂಖ್ಯೆಯೊಂದನ್ನೇ ಅಲ್ಲವೆಂದು ನಮ್ಮ ಭಾವನೆ. ತುಮಕೂರು ನಗರದಲ್ಲಿಯೂ ಗುಬ್ಬಿ ಕುಣಿಗಲ್ಲುಗಳಲ್ಲಿಯೂ ಆರೆಂಟು ವಾರಗಳ ಕಿರು ತರಗತಿಗಳು, ಅಂಕಪಟ್ಟಿಯನ್ನು ಕೇಳದೆ, ಪರೀಕ್ಷೆಯ ಭಯವಿಲ್ಲದೆ, ಕನ್ನಡದಲ್ಲಿ, ನಿಯತವಾಗಿ ನಡೆಯಬೇಕೆಂದು ನಾವು ಸೂಚಿಸುತ್ತೇವೆ.

ಇದು ಹೊಸ ಮಾತೇನೂ ಅಲ್ಲ. ಶ್ರೀ ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಕಾಲದಲ್ಲಿ (1956–1960) ಪ್ರಸಾರಾಂಗವು ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಪ್ರಚಾರೋಪನ್ಯಾಸ ಮಾಡಿಸಿತು. ಅವನ್ನೇ ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿತು. ಇಂಗ್ಲೆಂಡಿನಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯವು 1873ರಲ್ಲಿಯೇ ನಾಟಿಂಗ್‌ಹ್ಯಾಂ, ಡರ್ಬಿ, ಲೆಸ್ಟರ್ ಪಟ್ಟಣಗಳಲ್ಲಿ ಇಂಥ ಪಾಠಗಳನ್ನು ಆರಂಭಿಸಿತು. ಅದಕ್ಕೆ ಕಾರಣಪುರುಷರಾದ ಜೇಮ್ಸ್ ಸ್ಟುವರ್ಟರು ಇನ್ನೂ ಮುಂಚೆ ರಾಚ್‌ಡೇಲ್ ಎಂಬ ಗಿರಣಿಯೂರಿನ ಸಹಕಾರ ಸಂಘದಲ್ಲಿ ಉಪನ್ಯಾಸ ಮಾಡುತ್ತಿದ್ದಾಗ, ಒಂದು ದಿನ ಅವಸರದಲ್ಲಿ ಹೊರಟು ತಮ್ಮ ಚಿತ್ರಪಟಗಳನ್ನು ಗೋಡೆಯ ಮೇಲೆಯೇ ಬಿಟ್ಟುಹೋದರಂತೆ. ಮರುವಾರ ಬಂದು ನೋಡಿದರೆ, ಕೇಳುಗರು ಆ ಪಟಗಳನ್ನು ಕುರಿತು ತಮ್ಮತಮ್ಮಲ್ಲಿ ಚರ್ಚಿಸಿ ಪ್ರಶ್ನೆಗಳ ಕಂತೆಯನ್ನೇ ಸಿದ್ಧಮಾಡಿಕೊಂಡಿದ್ದರು. ಉಪನ್ಯಾಸದೊಡನೆ ಪ್ರಶ್ನೋತ್ತರಕ್ಕೂ ಒಂದು ಹೊತ್ತನ್ನು ಮೀಸಲಿಡುವ ಪದ್ಧತಿಗೆ ಇದು ಬೀಜವಾಯಿತು.

ಈ ಪ್ರಶ್ನೋತ್ತರವನ್ನು ನಾವು ಒತ್ತಿಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಉಪನ್ಯಾಸಗಳಿಗೆ ಬರವಿಲ್ಲ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಅಧ್ಯಕ್ಷಭಾಷಣ, ವಂದನಾರ್ಪಣೆ ಇವುಗಳ ನಡುವೆ ವಿಷಯಕ್ಕೆ ದೊರೆಯುವುದು ಇಪ್ಪತ್ತು ನಿಮಿಷ. ಕೇಳುಗನು ಬಾಯಿ ತೆರೆಯುವ ಹೊತ್ತಿಗೆ ಧ್ವನಿವರ್ಧಕವನ್ನು ಬಿಚ್ಚಿರುತ್ತಾರೆ. ಅದು ಸಭೆಯಾಯಿತೇ ಹೊರತು ಪಾಠವಾಗಲಿಲ್ಲ.

ಯಾವ ವಿಷಯವನ್ನು ಕಲಿಸುವುದೆಂದು ಕೇಳುವವರಿಗೆ ಹೇಮಾವತಿಯ ನೀರನ್ನು ತೋರಿಸುತ್ತೇವೆ. ಕುಣಿಗಲ್ಲಿನ ಕಡೆಗೆ ನೀರೊಯ್ಯುವ ಸಂಪರ್ಕ ಕಾಲುವೆಯನ್ನು ವಿರೋಧಿಸಿ 2025ರಲ್ಲಿ ಗುಬ್ಬಿಯ ಸೀಮೆಯಲ್ಲಿ ದೊಡ್ಡ ಪ್ರತಿಭಟನೆಯಾಯಿತು. ಅವರಿಗೆ ತಮ್ಮ ಪಾಲು ತಪ್ಪೀತೆಂಬ ಭೀತಿ. ಕುಣಿಗಲ್ಲಿನವರಿಗೆ ನಾಲೆಯ ಕೊನೆಯಲ್ಲಿರುವ ತಮಗೆ ನೀರು ಮುಟ್ಟುವುದಿಲ್ಲವೆಂಬ ಸಂಕಟ. ನ್ಯಾಯ ಯಾರದೆಂದು ಇಲ್ಲಿ ತೀರ್ಮಾನಿಸಲು ನಾವು ಹೊರಟಿಲ್ಲ. ಆದರೆ ಟಿ.ಎಂ.ಸಿ., ಕ್ಯೂಸೆಕ್ ಎಂಬ ಮಾತುಗಳು ವೇದಿಕೆಗಳಲ್ಲಿ ಹಾರಾಡುತ್ತಿರುವಾಗ, 1000 ಕ್ಯೂಸೆಕ್ ನೀರು ಒಂದೇ ಸಮನೆ ಸುಮಾರು 11½ ದಿನ ಹರಿದರೆ ಒಂದು ಟಿ.ಎಂ.ಸಿ. ಆಗುವುದೆಂಬ ಲೆಕ್ಕವನ್ನು ಬಲ್ಲವರೆಷ್ಟು ಮಂದಿ? ದಾರಿಯಲ್ಲಿ ಇಂಗುವುದೆಷ್ಟು, ಆವಿಯಾಗುವುದೆಷ್ಟು, ನೆಲದ ಇಳುಕಲು ಯಾವ ಕಡೆಗೆ? ಈ ಲೆಕ್ಕಗಳನ್ನು ತಿಳಿದ ರೈತನನ್ನು ಯಾವ ಪಕ್ಷದ ಮುಂದಾಳುವೂ ಬೇಕಾದ ಕಡೆಗೆ ಎಳೆದೊಯ್ಯಲಾರನು. ತೆಂಗಿನ ಕಪ್ಪುತಲೆ ಹುಳು, ಪಹಣಿಯ ತೊಡಕು, ಬ್ಯಾಂಕಿನ ಬಡ್ಡಿ, ಇವೆಲ್ಲ ಹೀಗೆಯೇ ಕಲಿಸತಕ್ಕ ವಿಷಯಗಳು.

ಜನರು ಬರುವುದಿಲ್ಲವೆಂಬ ಆಕ್ಷೇಪವನ್ನು ನಾವು ಒಪ್ಪೆವು. 1884ರಲ್ಲಿ ನಾಟಕದ ಕಂಪೆನಿಯನ್ನು ಕಟ್ಟಿದ ಗುಬ್ಬಿಯಲ್ಲಿ, ಇರುಳೆಲ್ಲ ನಾಟಕ ನೋಡಿದವರ ಸಂತತಿಯವರು ಒಂದೂವರೆ ತಾಸು ಕುಳಿತಾರು. ಎಲ್ಲವೂ ಮೊಬೈಲಿನಲ್ಲಿಯೇ ದೊರೆಯುವುದೆನ್ನುವವರೂ ಉಂಟು. ದೊರೆಯಬಹುದು, ನಮ್ಮೂರ ತೂಬಿನ ಪ್ರಶ್ನೆಗೆ ನಕ್ಷೆ ಬಿಡಿಸಿ ಉತ್ತರ ಹೇಳುವವರು ಎದುರಿಗಿರಬೇಡವೇ?

ಶುಲ್ಕವು ಒಂದು ಸಿನಿಮಾ ಟಿಕೆಟ್ಟಿನ ಬೆಲೆಯನ್ನು ಮೀರದಿರಲಿ. ಕಡೆಯ ಬಸ್ಸಿಗೆ ಮುಂಚೆಯೇ ಪಾಠ ಮುಗಿಯಲಿ. ಇಲ್ಲವಾದರೆ ಸ್ತ್ರೀಯರು ಬರುವುದು ಸಾಧ್ಯವಿಲ್ಲ. ಅಧ್ಯಾಪಕರಿಗೆ ಪ್ರಯಾಣಭತ್ಯವನ್ನು ಕೊಟ್ಟು ಈ ಪಾಠವನ್ನು ಅವರ ಕೆಲಸದ ಲೆಕ್ಕಕ್ಕೆ ಹಿಡಿಯಬೇಕು. ಬಿಟ್ಟಿ ಸೇವೆಯೆಂದರೆ ಮೂರನೆಯ ವಾರಕ್ಕೇ ಕೊಠಡಿಗೆ ಬೀಗ ಬೀಳುವುದು. ನಿವೃತ್ತರಾದ ಇಂಜಿನಿಯರು, ಉಪಾಧ್ಯಾಯರು ಮುಂತಾದ ಹಳೆಯ ವಿದ್ಯಾರ್ಥಿಗಳಿಂದ ವಂತಿಗೆಗೆ ಬದಲಾಗಿ ಈ ಕೆಲಸವನ್ನು ಕೇಳಲಿ. ನೀರಿನ ಪಾಠವು ಮೊದಲು ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಎಂಬ ಜಗಳವೂ ಬೇಡ: ಶನಿವಾರ ಸಂಜೆ ಅಲ್ಲಿ, ಭಾನುವಾರ ಬೆಳಿಗ್ಗೆ ಇಲ್ಲಿ, ಅಧ್ಯಾಪಕರು ಅವರೇ, ನಕ್ಷೆಯೂ ಅದೇ.