ಮನೆವಾರ್ತೆ: ಒಂದು ಮದುವೆ, ಒಂದು ಸಿನಿಮಾ, ಒಂದು ರಜೆಯ ಅರ್ಜಿ

ಕಳೆದ ಮೂರು ತಿಂಗಳಿಂದ ಸಂಘದ ಮೆಟ್ಟಿಲಲ್ಲಿ, ಲೋಕಲ್ ಗಾಡಿಯಲ್ಲಿ, ತರಕಾರಿ ಪೇಟೆಯಲ್ಲಿ ನಮ್ಮ ಯೋಗಕ್ಷೇಮ ಕೇಳಿದವರಿಗೆಲ್ಲ “ಎಲ್ಲಾ ಕ್ಷೇಮ” ಎಂದೇ ಉತ್ತರ ಕೊಟ್ಟೆವು. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸರಕಾರಿ ಕಚೇರಿಯಲ್ಲಿ ಹನ್ನೆರಡು ವರುಷ ಗುಮಾಸ್ತಗಿರಿ ಮಾಡಿದವರಿಗೆ ಇಂಥ ಉತ್ತರ ಕೊಡುವುದು ಕಷ್ಟವೇನಲ್ಲ. “ವಿಷಯವು ಪರಿಶೀಲನೆಯಲ್ಲಿದೆ” ಎಂಬ ಒಂದೇ ವಾಕ್ಯದಿಂದ ನಾವು ಎಷ್ಟೋ ಅರ್ಜಿದಾರರನ್ನು ಸಮಾಧಾನಪಡಿಸಿದ್ದೇವೆ. ನಮ್ಮ ಮನೆಯಲ್ಲಿ ಪರಿಶೀಲನೆಯಲ್ಲಿದ್ದ ವಿಷಯ, ತಂಗಿಯ ಮದುವೆ.

ನಾವು ಹೀಗೆ “ನಾವು, ನಾವು” ಎಂದು ಬರೆಯುವುದನ್ನು ಕಂಡರೆ ನಮ್ಮಾಕೆಗೆ ನಗು. “ನಾವು ಅಂದ್ರ ಯಾರ್ರೀ? ಅದರಾಗ ನಾನೂ ಇದೀನೇನು?” ಎಂದು ಪ್ರತಿ ಸಂಚಿಕೆಗೂ ಕೇಳುತ್ತಾಳೆ. ಈ ಸಲ ಆಕೆಯೂ ಇದ್ದಾಳೆ, ಅಪ್ಪ ಅವ್ವನೂ ಇದ್ದಾರೆ, ಗದಗಿನಲ್ಲಿರುವ ಸೋದರತ್ತೆಯೂ ಇದ್ದಾಳೆ.

ಸುದ್ದಿ ಹೊರಬಿದ್ದದ್ದು ಜೂನ್ ತಿಂಗಳ ಒಂದು ರಾತ್ರಿ, ಊಟದ ಹೊತ್ತಿನಲ್ಲಿ. ಹೊರಗೆ ಡೊಂಬಿವಲಿಯ ಮಳೆ, ಒಳಗೆ ರೊಟ್ಟಿ, ಝುಣಕ. ತಂಗಿ ತಟ್ಟೆಯಿಂದ ತಲೆ ಎತ್ತದೆ, ತನ್ನ ಕಚೇರಿಯಲ್ಲಿ ಒಬ್ಬ ಹುಡುಗನಿದ್ದಾನೆಂದೂ, ಸಾತಾರೆಯ ಕಡೆಯವನೆಂದೂ, ಮದುವೆಯಾದರೆ ಅವನನ್ನೇ ಎಂದೂ ಮೂರು ವಾಕ್ಯದಲ್ಲಿ ಹೇಳಿ ಮುಗಿಸಿದಳು. ಅಪ್ಪ ಏನೂ ಅನ್ನಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಎದ್ದು ಕೈತೊಳೆದರು. ನಮ್ಮ ಅಪ್ಪ ತಟ್ಟೆಯಲ್ಲಿ ರೊಟ್ಟಿ ಬಿಟ್ಟದ್ದನ್ನು ನಾವು ಅದೇ ಮೊದಲು ನೋಡಿದ್ದು.

ಅಪ್ಪನದು ಜಾತಿ, ಕುಲದ ತಕರಾರು ಎಂದು ನಾವು ಮೊದಲು ತಿಳಿದೆವು. ಹಾಗಲ್ಲ ಎಂಬುದು ಹದಿನೈದು ದಿನದ ಮೇಲೆ ಗೊತ್ತಾಯಿತು. ಅಂದು ಅವ್ವ ಹಳೆಯ ಮಾತು ತೆಗೆದಳು. 1982ರ ಜನವರಿಯಲ್ಲಿ ಮುಂಬಯಿಯ ಗಿರಣಿಗಳಲ್ಲಿ ಸಂಪು ಆರಂಭವಾದಾಗ ಅಪ್ಪ ಗಿರಣಿಯಲ್ಲಿದ್ದರು. ಅವ್ವ ಲಾಲಬಾಗಿನ ಚಾಳಿಗೆ ಬಂದು ಇನ್ನೂ ವರುಷ ತುಂಬಿರಲಿಲ್ಲ. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ಕುಳಿತ ಸಂಪು ಅದು. ಅದು ಒಂದೂವರೆ ವರುಷ ಎಳೆಯಿತು. ಎಷ್ಟೋ ಜನರಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಅಪ್ಪ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿಕೊಳ್ಳುವವರೆಗೆ ಪಕ್ಕದ ಖೋಲಿಯ ಮರಾಠಿ ಕಾಕು ತನ್ನ ಹಿಟ್ಟಿನ ಡಬ್ಬಿಯಿಂದ ಒಂದು ಪಾಲು ನಮ್ಮ ಮನೆಗೆ ಕಳಿಸುತ್ತಿದ್ದಳಂತೆ.

“ಆಕಿ ಹಿಟ್ಟಿನ ಭಕ್ರಿ ತಿಂದೇ ಬದುಕಿದ್ವಿ. ಆಗ ಮರಾಠಿ ಅಂತ ಬ್ಯಾಡ ಅಂದ್ರೇನು?” ಎಂದಳು ಅವ್ವ.

“ಆ ಋಣ ನಾ ಮರತಿಲ್ಲ,” ಎಂದರು ಅಪ್ಪ. “ಋಣ ಬ್ಯಾರೆ, ಇದು ಬ್ಯಾರೆ. ಐವತ್ತು ವರ್ಷ ಆತು ನಾ ಈ ಊರಿಗೆ ಬಂದು. ಹೊರಗೆಲ್ಲಾ ಅವರ ಮಾತು ಆಡೀನಿ, ಸಂತೋಷದಿಂದ ಆಡೀನಿ. ಸಂಜಿಗೆ ಮನಿ ಬಾಗಲಾ ಹಾಕ್ಕೊಂಡ ಮ್ಯಾಲೆ ನನ್ನ ಮಾತು ನನಗ ಸಿಗತಿತ್ತು. ನಾಳೆ ಮಗಳ ಮನಿಗೆ ಹೋದ್ರ, ಅಲ್ಲೂ ನಾ ಹೊರಗಿನ ಮಾತು ಆಡಬೇಕೇನು? ಮೊಮ್ಮಗ ನನ್ನ ಮಾತಿಗೆ ಮಾರಿ ಮಾರಿ ನೋಡಿದ್ರ?”

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ್ದಕ್ಕೆ ಕಾರಣ ನಮ್ಮದೇ ಮಗ. ಅವನಿಗೆ ಏಳು ವರುಷ. ಅಜ್ಜ ಕನ್ನಡದಲ್ಲಿ ಕೇಳುತ್ತಾರೆ, ಅವನು ಹಿಂದಿಯಲ್ಲಿ ಹೇಳುತ್ತಾನೆ. ಅಕ್ಷರವಂತೂ ಒಂದೂ ಬಾರದು. ಅಷ್ಟೇ ಏಕೆ, ನಮ್ಮ ತಂಗಿಗೂ ಕನ್ನಡ ಓದಲು ಬಾರದು. ಈ ಪತ್ರಿಕೆಯನ್ನು ನಮ್ಮಾಕೆ ಓದಿ ಹೇಳಿದರೆ ಕೇಳುತ್ತಾಳೆ. ಕನ್ನಡದವಳನ್ನೇ ಕೈಹಿಡಿದ ನಮ್ಮ ಮನೆಯ ಸ್ಥಿತಿ ಹೀಗಿರುವಾಗ, ತಂಗಿ ಮರಾಠಿಯವನನ್ನು ಮದುವೆಯಾಗುವುದರಿಂದ ಕನ್ನಡ ಕೆಟ್ಟಿತೆಂದು ಹೇಳಲು ನಮಗೆ ಬಾಯಿ ಎಲ್ಲಿಯದು? ಅಪ್ಪ ಈ ಮಾತನ್ನು ನಮಗೆ ಆಡಲಿಲ್ಲ. ಆಡಬಹುದಿತ್ತು.

ಇನ್ನು ಸಿನಿಮಾದ ಸಂಗತಿ. 2025ರ ಜುಲೈ 25ರಂದು ತೆರೆಕಂಡ ‘ಸು ಫ್ರಮ್ ಸೋ’ ಚಿತ್ರದ ಹೆಸರನ್ನು ಆಗಸ್ಟಿನಲ್ಲಿ ಕೇಳದ ಕನ್ನಡ ಮನೆ ಇರಲಿಲ್ಲ. ನಮ್ಮ ಕಡೆಯ ಮಲ್ಟಿಪ್ಲೆಕ್ಸಿನಲ್ಲೂ ಒಂದು ಆಟ ಇತ್ತು. ತಂಗಿ ಐದು ಟಿಕೇಟು ತಂದಳು. ನಾವು ಲೆಕ್ಕ ಹಾಕಿದೆವು: ಅಪ್ಪ, ಅವ್ವ, ನಾವಿಬ್ಬರು, ತಂಗಿ. ಐದು ಸರಿಯಾಯಿತು. ನಮ್ಮಾಕೆ ಮಗನಿಗೆ ನೆಗಡಿಯೆಂದು ಹೇಳಿ ಮನೆಯಲ್ಲೇ ಉಳಿದಳು. ಐದನೆಯ ಕುರ್ಚಿಯಲ್ಲಿ, ಅಪ್ಪನ ಬಲಕ್ಕೆ, ಸಾತಾರೆಯ ಹುಡುಗ ಬಂದು ಕುಳಿತ. ಮಗನ ನೆಗಡಿ ಮರುದಿನವೇ ವಾಸಿಯಾದದ್ದನ್ನು ಕಂಡಾಗ ನಮಗೆ ಒಳಸಂಚು ತಿಳಿಯಿತು.

ಹುಡುಗ “ನಮಸ್ಕಾರ ಕಾಕಾ” ಎಂದ. ಅಪ್ಪ ತಲೆಯಾಡಿಸಿ ತೆರೆಯ ಕಡೆ ತಿರುಗಿದರು.

ಜೆ. ಪಿ. ತುಮಿನಾಡು ಅವರು ನಿರ್ದೇಶಿಸಿದ ಈ ಚಿತ್ರ ಕರಾವಳಿಯ ಒಂದು ಹಳ್ಳಿಯದು. ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನ ಎಂಬುವಳ ದೆವ್ವ ಬಂದಿದೆಯೆಂದು ಇಡೀ ಊರು ನಂಬಿ ಪಡುವ ಪಾಡೇ ಕಥೆ. ಪಾತ್ರಗಳೆಲ್ಲ ಮಂಗಳೂರ ಕಡೆಯ ಕನ್ನಡ ಆಡುತ್ತವೆ. ತೆರೆಯ ಕೆಳಗೆ ಇಂಗ್ಲಿಷಿನಲ್ಲಿ ಮಾತಿನ ಅರ್ಥ ಬರುತ್ತದೆ. ಇದರಿಂದ ಒಂದು ವಿಚಿತ್ರ ನಡೆಯಿತು. ನಟ ಬಾಯಿ ತೆರೆಯುವ ಮೊದಲೇ ಅರ್ಥ ಓದಿ ಅರ್ಧ ಸಭೆ ನಗುತ್ತಿತ್ತು. ಮಾತು ಕೇಳಿದ ಮೇಲೆ ಉಳಿದರ್ಧ ನಗುತ್ತಿತ್ತು. ನಮ್ಮ ಸಾಲಿನಲ್ಲಿ ಹುಡುಗನದೂ ತಂಗಿಯದೂ ಮೊದಲ ನಗು. ಗದಗಿನ ಅಪ್ಪ ಎರಡೂ ನಗುವಿನಲ್ಲಿರಲಿಲ್ಲ. ಕರಾವಳಿಯ ಮಾತು ಅವರಿಗೆ ಹಿಡಿಯುತ್ತಿರಲಿಲ್ಲ. ಇಂಗ್ಲಿಷು ಅಷ್ಟು ಬೇಗ ಓದಲಾಗುತ್ತಿರಲಿಲ್ಲ.

ಅರ್ಧ ಗಂಟೆಯ ಮೇಲೆ ಜನರೆಲ್ಲ ಬಿದ್ದು ಬಿದ್ದು ನಗುವಾಗ ಅಪ್ಪ ತಡೆಯಲಾರದೆ ಎಡಕ್ಕೆ ಬಾಗಿ “ಏನಂದಾವಾ?” ಎಂದು ನಮ್ಮನ್ನು ಕೇಳಿದರು. ನಾವೂ ಪೂರ್ತಿ ಹಿಡಿದಿರಲಿಲ್ಲ. ಬಲಗಡೆಯಿಂದ ಹುಡುಗ ಮೆಲ್ಲನೆ ಮರಾಠಿಯಲ್ಲಿ ಆ ಮಾತಿನ ಅರ್ಥ ಹೇಳಿದ. ಅಪ್ಪ ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಜೋರಾಗಿ ನಕ್ಕರು. ಸಭೆ ಆಗಲೇ ಸುಮ್ಮನಾಗಿದ್ದರಿಂದ ನಕ್ಕವರು ಅವರೊಬ್ಬರೇ. ವಿರಾಮದ ಹೊತ್ತಿಗೆ ಅಪ್ಪ ಬಲಕ್ಕೇ ಬಾಗಿ ಕುಳಿತಿದ್ದರು. ಕನ್ನಡದ ಅಪ್ಪನಿಗೆ ಕನ್ನಡ ಚಿತ್ರವನ್ನು ಮರಾಠಿಯಲ್ಲಿ ಅರ್ಥ ಮಾಡಿಸಿದ ಭಾವೀ ಅಳಿಯನನ್ನು ಕಂಡು ನಾವು ನಗುವುದೋ ಅಳುವುದೋ ತಿಳಿಯದೆ ಕಡಲೇಕಾಯಿಯ ಬೆಲೆ ನೋಡಲು ಹೊರಗೆ ಹೋದೆವು.

ಬರುವಾಗ ಗಾಡಿಯಲ್ಲಿ ನಾವು ನಮ್ಮ ಬಿ. ಎ. ಪಾಂಡಿತ್ಯವನ್ನು ಸ್ವಲ್ಪ ತೋರಿದೆವು. ಕನ್ನಡದ ಮೊದಲ ವಾಕ್ಚಿತ್ರ, 1934ರಲ್ಲಿ ಬಿಡುಗಡೆಯಾದದ್ದು, ಅದೂ ಒಬ್ಬ ಸುಲೋಚನೆಯ ಹೆಸರಿನದೇ: ‘ಸತಿ ಸುಲೋಚನ’. ಅದು ತಯಾರಾದದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದಲ್ಲಿ. “ಹಂಗಾದ್ರ ನಮ್ಮ ಸಿನಿಮಾದ ಬಾಣಂತನಾನೂ ಇವರೇ ಮಾಡ್ಯಾರಲ್ಲ!” ಎಂದಳು ಅವ್ವ. ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು, ಬೇಡವೆನ್ನಲಿಲ್ಲ.

ಆದರೂ ಕಡೆಯ ಅಪ್ಪಣೆ ಗದಗಿನಿಂದ ಬರಬೇಕಿತ್ತು. ಸೋದರತ್ತೆಗೆ ಎಂಬತ್ತನಾಲ್ಕು. ಹಳೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಆಕೆಗೆ ಹೇಳಲು ನಮಗೆ ಯಾರಿಗೂ ಧೈರ್ಯವಿರಲಿಲ್ಲ. ಒಂದು ಭಾನುವಾರ ಅಪ್ಪ ತಾವೇ ಫೋನು ತೆಗೆದುಕೊಂಡು, ಅಂಜಿ ಅಂಜಿ ಎಲ್ಲಾ ಹೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅತ್ತೆಯ ದನಿ ನಮಗೆಲ್ಲ ಕೇಳಿಸಿತು.

“ನಲವತ್ತು ವರ್ಷ ಪಂಢರಪುರಕ್ಕ ಹೋಗೀನಿ. ಆ ವಿಠೋಬನ ಮುಂದ ನಾ ಕನ್ನಡದಾಗ ಅತ್ತೀನಿ, ಕನ್ನಡದಾಗ ಬೇಡೀನಿ. ಆತಗ ತಿಳೀಲಿಲ್ಲೇನು? ಈ ಹುಡುಗಗೂ ತಿಳೀತೈತಿ ತಗೋ. ಆದ್ರ ತಮ್ಮಾ, ನನಗ ಅಲ್ಲಿಗೆ ಬರಾಕ ಆಗಂಗಿಲ್ಲ. ಇಬ್ಬರನ್ನೂ ಇಲ್ಲಿಗೆ ಕರಕೊಂಡು ಬಾ. ನಾ ಇರೂದ್ರಾಗ ಬರ್ರಿ.”

ಕಡೆಯ ಮಾತಿನಿಂದ ಬೇಸಗೆಗೆ ಇಡಬೇಕೆಂದಿದ್ದ ಮದುವೆ ಬರುವ ಮಾಘಕ್ಕೆ ಬಂತು. ಹುಡುಗನ ಮನೆಯಲ್ಲೂ ಇಂಥದೇ ಪರಿಶೀಲನೆ ನಡೆದು ಮುಗಿದಿತ್ತಂತೆ. ಮದುವೆ ಡೊಂಬಿವಲಿಯಲ್ಲಿ, ಸಣ್ಣದಾಗಿ. ಮೂರನೆಯ ದಿನ ಎಲ್ಲರೂ ಗದಗಿಗೆ. ಇಂಥ ಸಂಬಂಧ ಬೆಳೆಸುವ ಇತರರ ತಿಳಿವಳಿಕೆಗೆ ಒಂದು ಮಾತು: ಇಬ್ಬರೂ ಹಿಂದೂಗಳಾಗಿದ್ದರೆ, ಭಾಷೆ ಬೇರೆಯೆಂಬ ಮಾತ್ರಕ್ಕೆ 1954ರ ವಿಶೇಷ ವಿವಾಹ ಕಾಯದೆಯ 30 ದಿನಗಳ ನೋಟೀಸು ಬೇಕಿಲ್ಲ. 1955ರ ಹಿಂದೂ ವಿವಾಹ ಕಾಯದೆಯಂತೆ ಶಾಸ್ತ್ರೋಕ್ತವಾಗಿ ಮದುವೆ ಮಾಡಿ, ಆಮೇಲೆ ನೋಂದಣಿ ಮಾಡಿಸಿದರಾಯಿತು. ಮಹಾರಾಷ್ಟ್ರದಲ್ಲಿ ಅದಕ್ಕೆ 90 ದಿನಗಳ ಅವಧಿ. ಲಗ್ನಪತ್ರಿಕೆಯ ಒಂದು ಪ್ರತಿಯನ್ನು ಜೋಪಾನವಾಗಿಡಿ. ಕಚೇರಿಗಳು ಅದನ್ನು ಕೇಳುತ್ತವೆ.

ಇನ್ನು ನಮ್ಮ ಕಚೇರಿ. ಕೇಂದ್ರ ಸರಕಾರದ ನೌಕರರಿಗೆ ವರುಷಕ್ಕೆ ಸಿ.ಎಲ್. ಎಂಟು ದಿನ, ನಮ್ಮ ಎಂಟೂ ಜ್ವರ, ಶಾಲೆ, ಮಳೆಗೆ ತೀರಿವೆ. ಆದ್ದರಿಂದ ಇ.ಎಲ್. ಜೊತೆಗೆ ಎಲ್.ಟಿ.ಸಿ.ಗೂ ಅರ್ಜಿ ಹಾಕಿದೆವು. ಅರ್ಜಿಯಲ್ಲಿ ‘ಸ್ವಂತ ಊರು’ ಎಂಬ ಅಂಕಣವಿದೆ. ಸೇವೆಗೆ ಸೇರಿದಾಗ, ಹುಟ್ಟಿದ್ದು ಮುಂಬಯಿಯಾದರೂ, ಅಪ್ಪನ ಮಾತಿನಂತೆ ‘ಗದಗ’ ಎಂದು ಬರೆದಿದ್ದೆವು. ಒಮ್ಮೆ ಬರೆದದ್ದನ್ನು ಇಡೀ ಸೇವೆಯಲ್ಲಿ ಒಂದೇ ಸಲ ಬದಲಾಯಿಸಬಹುದು. ನಮ್ಮ ಸಾಹೇಬರು ಕೇಳಿದರು: “ಅಲ್ಲಿ ನಿಮಗೆ ಯಾರಿದ್ದಾರೆ?” “ಒಬ್ಬ ಅತ್ತೆ ಇದ್ದಾರೆ ಸರ್” ಎಂದೆವು. ಹೇಳಿ ಕುರ್ಚಿಗೆ ಬಂದು ಕುಳಿತ ಮೇಲೆ, ಆ ಒಬ್ಬಳೂ ಇಲ್ಲವಾದ ದಿನ ಈ ಅಂಕಣದಲ್ಲಿ ಏನು ಬರೆಯಬೇಕೆಂಬ ಯೋಚನೆ ಬಂದು ಬಹಳ ಹೊತ್ತು ಕೆಲಸ ಸಾಗಲಿಲ್ಲ. ಅರ್ಜಿ ಮಂಜೂರಾಗಿದೆ.

ಅಪ್ಪ ಮೊದಲು ಊರಿಗೆ ಹೋಗುವಾಗ ಸೊಲ್ಲಾಪುರದಲ್ಲಿ ಇಳಿದು ಮೀಟರ್ ಗೇಜಿನ ಸಣ್ಣ ಗಾಡಿ ಹಿಡಿಯಬೇಕಿತ್ತು. ಈಗ ಮುಂಬಯಿಯಲ್ಲಿ ರಾತ್ರಿ ಕುಳಿತರೆ ವಿಜಯಪುರ, ಬಾಗಲಕೋಟೆ, ಬಾದಾಮಿ ಹಾದು ಅದೇ ಗಾಡಿಯಲ್ಲಿ ಗದಗ. ಗಾಡಿ ಮುಂದೆ ಹೊಸಪೇಟೆಗೂ ಹೋಗುತ್ತದೆ. ಆದರೆ 2024ರ ನವೆಂಬರ್ 1ರಿಂದ ಮುಂಗಡ ರಿಸರ್ವೇಶನ್ 120 ದಿನದ ಬದಲು 60 ದಿನ ಮೊದಲು ಮಾತ್ರ. ನಮ್ಮ ಕಡೆಯವರು, ಬೀಗರು ಸೇರಿ ಇಪ್ಪತ್ತೆರಡು ಜನ. ಆ ಬೆಳಗ್ಗೆ ಎಂಟಕ್ಕೆ ನಾಲ್ಕು ಫೋನು ಹಿಡಿದು ನಾಲ್ಕು ಜನ ಕೂರುವುದೆಂದು ಗೊತ್ತಾಗಿದೆ. ಸಾತಾರೆಯ ಬೀಗರಿಗೆ ಬೆಳಗಿನ ಹೊತ್ತು ಕಿಟಕಿಯಿಂದ ಗೋಲಗುಮ್ಮಟ ತೋರಿಸುವ ಜವಾಬ್ದಾರಿಯನ್ನು ಅಪ್ಪ ವಹಿಸಿಕೊಂಡಿದ್ದಾರೆ.

ಒಂದು ಸಂಗತಿ ಹೇಳಿ ಮುಗಿಸುತ್ತೇವೆ. ಈಗ ಪ್ರತಿ ಭಾನುವಾರ ಸಂಜೆ ಅಪ್ಪ ಒಂದು ಹಲಗೆ ಹಿಡಿದು ಕೂರುತ್ತಾರೆ. ಎದುರಿಗೆ ಮೂವರು ವಿದ್ಯಾರ್ಥಿಗಳು: ನಮ್ಮ ಮಗ, ನಮ್ಮ ತಂಗಿ, ಸಾತಾರೆಯ ಹುಡುಗ. ಮೂವರೂ ಒಂದೇ ತರಗತಿ. ಕಳೆದ ವಾರ ‘ಳ’ ಬಂತು. ಮಗ ಎಷ್ಟು ಹೇಳಿಸಿದರೂ ‘ಲ’ ಎನ್ನುತ್ತಾನೆ, ಹಿಂದಿಯ ನಾಲಗೆ. ಮರಾಠಿಯಲ್ಲಿ ‘ಳ’ ಉಂಟಷ್ಟೆ. ಹುಡುಗ ಮೊದಲ ಸಲಕ್ಕೇ ನೆಟ್ಟಗೆ ‘ಳ’ ಎಂದ.

ಅಪ್ಪ ಹಲಗೆ ಕೆಳಗಿಟ್ಟು ನಮ್ಮನ್ನು ನೋಡಿದರು. “ಅಳಿಯಗ ಬರತೈತಿ. ನಿನ್ನ ಮಗಗ ಬರೂದಿಲ್ಲ,” ಎಂದರು.

ಜೂನ್ ತಿಂಗಳಲ್ಲಿ ಆಡದೆ ಉಳಿದಿದ್ದ ಮಾತು ಅದು. ನಾವು ಎದ್ದು ಹೋಗಿ ನಾಲ್ಕನೆಯ ವಿದ್ಯಾರ್ಥಿಯಂತೆ ಮಗನ ಪಕ್ಕದಲ್ಲಿ ಕುಳಿತೆವು. ರಿಸರ್ವೇಶನ್ ಸಿಕ್ಕಿತೋ ಇಲ್ಲವೋ ಎಂಬುದು ಮುಂದಿನ ಸಂಚಿಕೆಗೆ.